ಕಲ್ಚರ್ ರಿಪೋರ್ಟಲ್ಲಿ 625ಕ್ಕೆ 'ಎಸ್' ಇದ್ರೂ ಡಾಕ್ಟ್ರು ಬೇರೆ ಮಾತ್ರೆ ಕೊಟ್ಟಿದ್ದಾರೆ, ಯಾಕಿರಬಹುದು?

ತುಂಗಾತೀರ
ಎಲ್ರಿಗೂ ನಮಸ್ಕಾರ. ಅಮ್ಮಂಗೆ ಉರಿಮೂತ್ರ ಇತ್ತು, ಜ್ವರ ಇಲ್ಲ, ಬೆನ್ನುನೋವು ಇಲ್ಲ. ಯೂರಿನ್ ಕಲ್ಚರ್ ಮಾಡ್ಸಿದ್ವಿ, ಇ. ಕೋಲಿ ಅಂತ ಬಂತು, ಕೆಳಗಡೆ ದಪ್ಪ ಅಕ್ಷರದಲ್ಲಿ ಇಎಸ್‌ಬಿಎಲ್ ಪಾಸಿಟಿವ್ ಅಂತ ಬರ್ದಿದ್ರು. ಪಟ್ಟಿಲಿ ಸೆಫಿಕ್ಸಿಮ್, ಸೆಫ್ಟ್ರಿಯಾಕ್ಸೋನ್ ಎದುರಿಗೆಲ್ಲ ಆರ್ (ಅಂದ್ರೆ ಔಷಧಿಗೆ ಬಗ್ಗಲ್ಲ). ಅಮೋಕ್ಸಿಸಿಲಿನ್-ಕ್ಲಾವುಲನೇಟ್, ಪೈಪರಾಸಿಲಿನ್-ಟಾಜೋಬ್ಯಾಕ್ಟಮ್, ಮೆರೋಪೆನೆಮ್, ನೈಟ್ರೋಫ್ಯುರಾಂಟೊಯಿನ್ ಇವಕ್ಕೆ ಎಸ್ (ಅಂದ್ರೆ ಔಷಧಿಗೆ ಬಗ್ಗತ್ತೆ). ನಾನು 625 (ಅದೇ ಅಮೋಕ್ಸಿಸಿಲಿನ್-ಕ್ಲಾವುಲನೇಟ್ ಮಾತ್ರೆ) ಬರೀತಾರೆ ಅಂದ್ಕೊಂಡಿದ್ದೆ, ಡಾಕ್ಟ್ರು ನೈಟ್ರೋಫ್ಯುರಾಂಟೊಯಿನ್ ಬರ್ದು ಊಟದ ಜೊತೆ ತಗೊಳ್ಳಿ ಅಂತ ಕಳ್ಸಿಬಿಟ್ರು. ಪಕ್ಕದ್ಮನೆಯವ್ರು ಬೇರೆ, ಎರಡು ಔಷಧಿ ಸೇರ್ಸಿರೋದು ಬಿಟ್ಟು ಒಂದೇ ಇರೋದು ಯಾಕೆ ಕೊಟ್ರೋ ಅಂತ ಅಮ್ಮನ ತಲೇಲಿ ಹುಳ ಬಿಟ್ಟಿದ್ದಾರೆ. ಎರಡು ಸೇರಿದ್ರೆ ಅದೇ ಸ್ಟ್ರಾಂಗ್ ಅಲ್ವಾ? ಆ ಎರಡನೇದು ಏನ್ ಕೆಲ್ಸ ಮಾಡತ್ತೆ? ಗೊತ್ತಿರೋರು ಸ್ವಲ್ಪ ಬಿಡಿಸಿ ಹೇಳಿ.

ಪೆಟ್ರಿಡಿಶ್
ಮೈಕ್ರೋಬಯಾಲಜಿ ಲ್ಯಾಬಲ್ಲಿ ಕೆಲ್ಸ ಮಾಡೋಳು ನಾನು, ಟ್ರೀಟ್‌ಮೆಂಟ್ ವಿಷ್ಯ ಡಾಕ್ಟ್ರುಗಳಿಗೆ ಬಿಟ್ಟು ಕೀಟಾಣು ಕಡೆಯದ್ದು ಮಾತ್ರ ಹೇಳ್ತೀನಿ.

ಪೆನಿಸಿಲಿನ್, ಅಮೋಕ್ಸಿಸಿಲಿನ್, ಸೆಫಿಕ್ಸಿಮ್, ಮೆರೋಪೆನೆಮ್ ಎಲ್ಲ ಒಂದೇ ಮನೆತನ, ಬೀಟಾ-ಲ್ಯಾಕ್ಟಮ್. ನಾಲ್ಕು ಮೂಲೆಯ ಒಂದು ಪುಟ್ಟ ಉಂಗುರ ಎಲ್ಲದ್ರಲ್ಲೂ ಇರತ್ತೆ. ಬ್ಯಾಕ್ಟೀರಿಯಾ ತನ್ನ ಗೋಡೆ ಕಟ್ಕೊಳ್ಳೋಕೆ ಬಳಸೋ ಪ್ರೋಟೀನಿಗೆ ಈ ಉಂಗುರ ಹೋಗಿ ಅಂಟ್ಕೊಂಡ್ರೆ ಗೋಡೆ ಕೆಲ್ಸ ನಿಂತು ಅದು ಒಡೆದು ಸಾಯತ್ತೆ. ಬ್ಯಾಕ್ಟೀರಿಯಾ ಇದಕ್ಕೆ ಏನ್ ಮಾಡತ್ತೆ ಅಂದ್ರೆ ಬೀಟಾ-ಲ್ಯಾಕ್ಟಮೇಸ್ ಅನ್ನೋ ಎನ್‌ಝೈಮ್ ತಯಾರಿಸಿ ಆ ಉಂಗುರಾನೇ ಕತ್ತರಿಸಿ ಹಾಕತ್ತೆ, ಉಂಗುರ ಬಿಚ್ಕೊಂಡ ಔಷಧಿ ಮೈಯಲ್ಲಿ ಎಷ್ಟಿದ್ರೂ ಪ್ರಯೋಜನ ಇಲ್ಲ. ಇಎಸ್‌ಬಿಎಲ್ ಅಂದ್ರೆ ಈ ಎನ್‌ಝೈಮಿನ ಇನ್ನೊಂದು ತಳಿ, ಸೆಫ್ಟ್ರಿಯಾಕ್ಸೋನ್ ತರದ ಮೂರನೇ ತಲೆಮಾರಿನ ಔಷಧಿಗಳನ್ನೂ ಕತ್ತರಿಸೋ ಅಂಥದ್ದು, ಇವತ್ತು ನಮ್ಮ ಟೇಬಲ್ ಮೇಲೆ ಜಾಸ್ತಿ ಬರೋದು ಸಿಟಿಎಕ್ಸ್-ಎಂ ಜಾತಿದು.

ಕ್ಲಾವುಲನೇಟ್ ಇಲ್ಲೇ ಬರೋದು. ಅದಕ್ಕೂ ಅದೇ ಉಂಗುರ ಇದೆ, ಎನ್‌ಝೈಮು ಇದೂ ಔಷಧಿನೇ ಅಂತ ಕತ್ತರಿಸೋಕೆ ಬಾಯಿ ಹಾಕತ್ತೆ, ಆದ್ರೆ ಬೀಗದೊಳಗೆ ಮುರಿದ ಕೀ ಸಿಕ್ಕಾಕ್ಕೊಂಡಂಗೆ ಒಳಗೇ ಕೂತ್ಬಿಡತ್ತೆ, ಆ ಎನ್‌ಝೈಮು ಮತ್ತೆ ಕೆಲ್ಸಕ್ಕೆ ಬರಲ್ಲ. ಅಷ್ಟರಲ್ಲಿ ಅಮೋಕ್ಸಿಸಿಲಿನ್ ತನ್ನ ಕೆಲ್ಸ ಮುಗಿಸತ್ತೆ. ಅಂದ್ರೆ ಕೊಲ್ಲೋದು ಅಮೋಕ್ಸಿಸಿಲಿನ್ನೇ, ಕ್ಲಾವುಲನೇಟ್ ಅದನ್ನ ಕಾಯೋದು ಅಷ್ಟೇ, ಕ್ಲಾವುಲನೇಟ್ ಒಂದನ್ನೇ ಕೊಟ್ರೆ ಇ. ಕೋಲಿಗೆ ಹೆಚ್ಚೇನೂ ಆಗಲ್ಲ. "ಡಬಲ್ ಪವರ್" ಅನ್ನೋ ಮಾತು ಅದಕ್ಕೇ ಸರಿಯಲ್ಲ.

ಲ್ಯಾಬಲ್ಲಿ ಇದು ಕಣ್ಣಿಗೇ ಕಾಣತ್ತೆ. ಇ. ಕೋಲಿ ಹರಡಿದ ತಟ್ಟೆ ಮಧ್ಯ ಅಮೋಕ್ಸಿ-ಕ್ಲಾವ್ ಬಿಲ್ಲೆ, ಸುಮಾರು 20 ಮಿಲಿಮೀಟರ್ ದೂರದಲ್ಲಿ ಸೆಫೊಟಾಕ್ಸಿಮ್ (ಸೆಫ್ಟ್ರಿಯಾಕ್ಸೋನ್ ತರದ್ದೇ ಔಷಧಿ) ಬಿಲ್ಲೆ ಇಟ್ಟು ರಾತ್ರಿಯಿಡೀ ಇನ್‌ಕ್ಯುಬೇಟರಲ್ಲಿ ಬಿಡ್ತೀವಿ. ಬೆಳಿಗ್ಗೆ ನೋಡಿದ್ರೆ ಸೆಫೊಟಾಕ್ಸಿಮ್ ಸುತ್ತ ಬ್ಯಾಕ್ಟೀರಿಯಾ ಒತ್ತಾಗಿ ಬೆಳೆದಿರತ್ತೆ, ಮಧ್ಯದ ಬಿಲ್ಲೆ ಕಡೆ ಮಾತ್ರ ಖಾಲಿ ಜಾಗ ಉಬ್ಬಿ ಚಾಚ್ಕೊಂಡಿರತ್ತೆ. ಕ್ಲಾವುಲನೇಟ್ ಅಗರ್‌ನಲ್ಲಿ ಎಲ್ಲಿವರೆಗೆ ಹರಡಿದ್ಯೋ ಅಲ್ಲಿ ಸೆಫೊಟಾಕ್ಸಿಮ್‌ಗೆ ಜೀವ ಬಂದಿದೆ. ಆ ಆಕಾರ ಕಂಡ್ರೆ ಇಎಸ್‌ಬಿಎಲ್ ಅಂತ ಬರೀತೀವಿ. ಈಗ ಸುಮಾರು ಕಡೆ ಮಷೀನೇ ಮಾಡತ್ತೆ ಬಿಡಿ, ಆದ್ರೂ ಆ ತಟ್ಟೆ ನೋಡೋ ಖುಷಿ ಬೇರೆ.

ಮೆಡಿಕಲ್‌ಶಾಪ್ ಅಣ್ಣ
ಮೇಡಂ ಸಖತ್ತಾಗಿ ಹೇಳಿದ್ರಿ. 625 ಲೆಕ್ಕ ನಾನು ಹೇಳ್ತೀನಿ, ಕೌಂಟರಲ್ಲಿ ದಿನಾ ಇದೇ ಗಲಾಟೆ. 625 ಅಂದ್ರೆ ಅಮೋಕ್ಸಿಸಿಲಿನ್ 500 + ಕ್ಲಾವುಲನೇಟ್ 125. 375 ಅಂದ್ರೆ 250 + 125. 1000 ಅಂತ ಬರತ್ತಲ್ಲ ಅದು 875 + 125. ಮೂರರಲ್ಲೂ ಕ್ಲಾವುಲನೇಟ್ ಅಷ್ಟೇ! ಹಂಗಾಗಿ 625 ಸ್ಟಾಕ್ ಇಲ್ಲ ಅಂತ 375ರ ಎರಡು ನುಂಗಿದ್ರೆ ಕ್ಲಾವುಲನೇಟ್ 250 ಆಗತ್ತೆ, ಆಮೇಲೆ ಹೊಟ್ಟೆ ಕೆಟ್ಟು ಬಾತ್‌ರೂಮಲ್ಲೇ ವಾಸ. ಭೇದಿ ಆಗೋದ್ರಲ್ಲಿ ಕ್ಲಾವುಲನೇಟ್‌ದೇ ದೊಡ್ಡ ಪಾಲು, ಊಟದ ಶುರುನಲ್ಲಿ ತಗೊಳ್ಳಿ ಅನ್ನೋದೂ ಅದಕ್ಕೇ.

ಬೆಂದಕಾಳೂರು ಐಟಿ
ಸರಿ ಆದ್ರೆ ಒಂದು ಡೌಟು. ಕಾವಲುಗಾರ ಅಷ್ಟು ಒಳ್ಳೆಯವನಾದ್ರೆ ಎಲ್ಲ ಆ್ಯಂಟಿಬಯೋಟಿಕ್‌ಗೂ ಒಂದೊಂದು ಇನ್ಹಿಬಿಟರ್ (ಕ್ಲಾವುಲನೇಟ್ ತರ ಎನ್‌ಝೈಮ್ ತಡೆಯೋದು) ಸೇರ್ಸಿ ಮಾರಿಬಿಟ್ರೆ ರೆಸಿಸ್ಟೆನ್ಸ್ ಸಮಸ್ಯೆನೇ ಮುಗೀತಲ್ಲ? ಮತ್ತೆ ರಿಪೋರ್ಟಲ್ಲಿ ಎಸ್ ಅಂತ ಇದ್ಮೇಲೂ ಡಾಕ್ಟ್ರು ಕೊಡಲ್ಲ ಅಂದ್ರೆ ಆ ರಿಪೋರ್ಟ್ ಯಾಕೆ ಮಾಡ್ಸೋದು?

ಜವಾರಿ ಡಾಕ್ಟರ್
ಹುಬ್ಬಳ್ಳಿ ಕಡೆಯವ ನಾನು, ಫಿಜಿಶಿಯನ್. ಎರಡನೇ ಪ್ರಶ್ನೆ ಮೊದ್ಲ ತಗೋತೇನಿ.

ತುಂಗಾತೀರ ಅವರ, ನಿಮ್ಮ ತಾಯಿಗೆ ಕೊಟ್ಟಿದ್ದು ಸರಿಯಾಗೇ ಐತಿ. ಜ್ವರ ಇಲ್ಲ, ಬೆನ್ನುನೋವಿಲ್ಲ ಅಂದ್ರ ಸೋಂಕು ಮೂತ್ರಕೋಶದಾಗಷ್ಟ ಐತಿ, ಕಿಡ್ನಿ ಮಟ ಏರಿಲ್ಲ. ನೈಟ್ರೋಫ್ಯುರಾಂಟೊಯಿನ್ ರಕ್ತದಾಗ ಹೆಚ್ಚು ನಿಲ್ಲೂದಿಲ್ಲ, ಸೀದಾ ಮೂತ್ರಕ್ಕ ಇಳಿದು ಅಲ್ಲೇ ಸೇರತೈತಿ, ಅದು ಬೀಟಾ-ಲ್ಯಾಕ್ಟಮ್ ಅಲ್ಲ, ಹಂಗಾಗಿ ಇಎಸ್‌ಬಿಎಲ್ ಎನ್‌ಝೈಮಿಗೂ ಇದಕ್ಕೂ ಸಂಬಂಧನ ಇಲ್ಲ. ಮೂತ್ರ ಕಂದು ಬಣ್ಣಕ್ಕ ತಿರುಗಿದ್ರ ಗಾಬರಿ ಆಗಬ್ಯಾಡ್ರಿ. ಆದ್ರ ಕ್ರಿಯಾಟಿನಿನ್ ಜಾಸ್ತಿ ಇದ್ದವ್ರಿಗೆ (ಅಂದ್ರ ಕಿಡ್ನಿ ಸರಿ ಕೆಲಸ ಮಾಡದವ್ರಿಗೆ), ಜ್ವರ ಚಳಿ ಬಂದವ್ರಿಗೆ ಇದು ಸಾಲೂದಿಲ್ಲ, ಆವಾಗ ಬ್ಯಾರೆ ದಾರಿ ನೋಡಬೇಕಾಗತದ.

ಇನ್ನ ಎಸ್ ಇದ್ರೂ ಯಾಕ ಕೊಡೂದಿಲ್ಲ ಅನ್ನೂದು. ಇಲ್ಲೊಂದು ದೊಡ್ಡ ಪಾಠ ಆಗೇತಿ. ಮೆರಿನೊ ಅಂತ ಒಂದು ಟ್ರಯಲ್, 2018ರಾಗ ಬಂತು, 9 ದೇಶದಾಗ ಮಾಡಿದ್ರು. ರಕ್ತಕ್ಕ ಇ. ಕೋಲಿ ಇಲ್ಲಾ ಕ್ಲೆಬ್ಸಿಯೆಲ್ಲಾ ಅನ್ನೂ ಬ್ಯಾಕ್ಟೀರಿಯಾ ಸೇರಿ, ಅದು ಸೆಫ್ಟ್ರಿಯಾಕ್ಸೋನ್‌ಗೆ ಬಗ್ಗದ ಪೇಶಂಟ್‌ಗಳು. ಅರ್ಧ ಮಂದಿಗೆ ಪೈಪರಾಸಿಲಿನ್-ಟಾಜೋಬ್ಯಾಕ್ಟಮ್ (ಟಾಜೋಬ್ಯಾಕ್ಟಮ್ಮೂ ಕ್ಲಾವುಲನೇಟ್‌ನಂಗ ಇನ್ಹಿಬಿಟರ್), ಅರ್ಧ ಮಂದಿಗೆ ಮೆರೋಪೆನೆಮ್. ಲ್ಯಾಬಿನ್ಯಾಗ ಎರಡಕ್ಕೂ ಎಸ್ ಅಂತ ಇತ್ತು ಮತ್ತ! ಆದ್ರ 30 ದಿನದಾಗ ತೀರಿಕೊಂಡವ್ರು ಟಾಜೋಬ್ಯಾಕ್ಟಮ್ ಗುಂಪಿನ್ಯಾಗ 12.3%, ಮೆರೋಪೆನೆಮ್ ಗುಂಪಿನ್ಯಾಗ 3.7%. ಆಮ್ಯಾಲ ಆ ಲ್ಯಾಬ್ ಎಸ್‌ಗಳನ್ನ ಮತ್ತ ಪರೀಕ್ಷೆ ಮಾಡಿದಾಗ ಕೆಲವು ಗಡಿ ಮ್ಯಾಲ ಇದ್ದಿದ್ದು ಗೊತ್ತಾತು, ಫರಕ್ ಸ್ವಲ್ಪ ಕಡಿಮಿ ಆತು, ವಾದ ಇನ್ನೂ ನಡೆದೈತಿ. ಆದ್ರೂ ರಕ್ತದ ಸೋಂಕಿಗೆ ಇಎಸ್‌ಬಿಎಲ್ ಇದ್ರ ನಾವು ಟಾಜೋಬ್ಯಾಕ್ಟಮ್ ನೆಚ್ಚೂದು ಬಿಟ್ಟೇವಿ.

ಕಾರಣ ಏನಂದ್ರ ಒಂದೊಂದು ಬ್ಯಾಕ್ಟೀರಿಯಾ ಒಂದಲ್ಲ ಎರಡು ಮೂರು ಎನ್‌ಝೈಮ್ ಇಟ್ಕೊಂಡಿರತಾವ, ಟಾಜೋಬ್ಯಾಕ್ಟಮ್ ಎಲ್ಲಾ ತಡಿಯೂದಿಲ್ಲ. ಮ್ಯಾಲ ಸೋಂಕು ಭಾಳ ಇದ್ದಲ್ಲಿ ಎನ್‌ಝೈಮೂ ಭಾಳ ಇರತೈತಿ, ಇನ್ಹಿಬಿಟರ್ ಖರ್ಚಾಗಿ ಮುಗದ್ರ ಹಿಂದಿನ ಔಷಧಿ ಬೆತ್ತಲೆ ನಿಂತಂಗ. ಮೂತ್ರಕೋಶದ ಸಣ್ಣ ಸೋಂಕಿಗೆ ಇದು ಅಷ್ಟು ತೊಂದ್ರಿ ಅಲ್ಲ, ರಕ್ತಕ್ಕ ಹೋದ್ರ ತೊಂದ್ರಿ.

ತುಂಗಾತೀರ
ತುಂಬ ಥ್ಯಾಂಕ್ಸ್ ಡಾಕ್ಟ್ರೇ, ಅಮ್ಮಂಗೆ ಓದಿ ಹೇಳ್ದೆ. "ಧಾರವಾಡ ಕಡೆ ಡಾಕ್ಟ್ರು ಹೇಳಿದ್ರೆ ಸರಿ" ಅಂದ್ರು, ಹುಬ್ಬಳ್ಳಿ ಅಂದ್ರೂ ಕೇಳ್ತಿಲ್ಲ 😄

ಹಳೇ ಕೆಮಿಸ್ಟ್
ಇತಿಹಾಸ ಸ್ವಲ್ಪ ಹೇಳಲೇಬೇಕು, ಯಾಕಂದ್ರೆ ಈ ಜಗಳ ಔಷಧಿಗಿಂತ ಹಳೇದು. ಪೆನಿಸಿಲಿನ್ನನ್ನ ಮನುಷ್ಯರಿಗೆ ಸರಿಯಾಗಿ ಕೊಟ್ಟು ನೋಡೋಕೂ ಮೊದಲೇ, 1940ರ ಡಿಸೆಂಬರಲ್ಲಿ ಆಕ್ಸ್‌ಫರ್ಡಿನ ಏಬ್ರಹಾಂ ಮತ್ತು ಚೈನ್, ಇ. ಕೋಲಿ ಒಳಗೆ ಪೆನಿಸಿಲಿನ್ನನ್ನ ನಾಶ ಮಾಡೋ ಎನ್‌ಝೈಮ್ ಇದೆ ಅಂತ ಬರೆದಾಗಿತ್ತು.

ಕ್ಲಾವುಲಾನಿಕ್ ಆಮ್ಲ ಸಿಕ್ಕ ರೀತಿ ನಂಗೆ ಬಹಳ ಇಷ್ಟ. 1970ರ ದಶಕದಲ್ಲಿ ಇಂಗ್ಲೆಂಡಿನ ಬೀಚಮ್ ಕಂಪನಿಯವ್ರು ಹುಡುಕ್ತಿದ್ದದ್ದು ಕೊಲ್ಲೋ ವಸ್ತು ಅಲ್ಲ, ಕಾಯೋ ವಸ್ತು. ಅಗರ್ ತಟ್ಟೆಗೆ ಪೆನಿಸಿಲಿನ್ ಬೆರೆಸಿ, ಅದಕ್ಕೆ ಬಗ್ಗದ ಕ್ಲೆಬ್ಸಿಯೆಲ್ಲಾ ಬಿಟ್ರು, ಅದು ಆರಾಮಾಗಿ ಬೆಳೀತು. ಅದರ ಮೇಲೆ ಮಣ್ಣಿನ ಜೀವಿಗಳ ರಸ ಒಂದೊಂದಾಗಿ ಇಡ್ತಾ ಹೋದ್ರು. ಎಲ್ಲಿ ರಸದ ಸುತ್ತ ಖಾಲಿ ವೃತ್ತ ಮೂಡ್ತೋ, ಅಲ್ಲಿ ಎನ್‌ಝೈಮು ಕಟ್ಟಿ ಹೋಗಿ ಮೊದಲೇ ಇದ್ದ ಪೆನಿಸಿಲಿನ್ ಕೆಲ್ಸ ಶುರು ಮಾಡಿದೆ ಅಂತ ಅರ್ಥ. ಹಂಗೆ ಸಿಕ್ಕಿದ್ದು ಸ್ಟ್ರೆಪ್ಟೊಮೈಸಿಸ್ ಕ್ಲಾವುಲಿಜೆರಸ್‌ನಿಂದ. 1981ರಲ್ಲಿ ಆಗ್ಮೆಂಟಿನ್ ಅಂತ ಬ್ರಿಟನ್ ಮಾರುಕಟ್ಟೆಗೆ ಬಂತು. ಸಲ್ಬ್ಯಾಕ್ಟಮ್, ಟಾಜೋಬ್ಯಾಕ್ಟಮ್ ಆಮೇಲಿನವು.

ಪೆಟ್ರಿಡಿಶ್ ಅವ್ರ ಮಾತಿಗೆ ಒಂದು ತಿದ್ದುಪಡಿ: ಎಲ್ಲ ಇನ್ಹಿಬಿಟರೂ ಬರೀ ಕಾವಲುಗಾರ ಅಲ್ಲ. ಸಲ್ಬ್ಯಾಕ್ಟಮ್ ಐಸಿಯು ಕಾಟದ ಅಸಿನೆಟೊಬ್ಯಾಕ್ಟರ್‌ನ ತಾನೇ ಕೊಲ್ಲತ್ತೆ. ತಮಾಷೆ ಏನಂದ್ರೆ ಈಗ ಅಸಿನೆಟೊಬ್ಯಾಕ್ಟರಿನ ಎನ್‌ಝೈಮು ಸಲ್ಬ್ಯಾಕ್ಟಮ್ಮನ್ನೇ ಕತ್ತರಿಸತ್ತೆ, ಅದಕ್ಕೆ ಕಾವಲಾಗಿ ಡರ್ಲೊಬ್ಯಾಕ್ಟಮ್ ಅನ್ನೋ ಇನ್ನೊಂದು ಇನ್ಹಿಬಿಟರ್ ಸೇರ್ಸಿ 2023ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಕೊಟ್ರು. ಇನ್ಹಿಬಿಟರಿಗೇ ಇನ್ಹಿಬಿಟರ್!

ಪೆಟ್ರಿಡಿಶ್
ಸಲ್ಬ್ಯಾಕ್ಟಮ್ ವಿಷ್ಯ ಹೌದು, ನಾನು ಇ. ಕೋಲಿ ಲೆಕ್ಕದಲ್ಲಿ ಮಾತಾಡ್ತಿದ್ದೆ.

ಮೆಡಿಕಲ್‌ಶಾಪ್ ಅಣ್ಣ
ಐಟಿ ಅಣ್ಣನ ಮೊದಲನೇ ಪ್ರಶ್ನೆಗೆ ಉತ್ತರ ನಮ್ಮ ಕಪಾಟಲ್ಲೇ ಇದೆ: ಎಲ್ಲದಕ್ಕೂ ಸೇರ್ಸಿ ಮಾರೋದು ಇಲ್ಲಿ ಯಾವತ್ತೋ ಶುರುವಾಗಿದೆ. ಸೆಫಿಕ್ಸಿಮ್ + ಕ್ಲಾವುಲನೇಟ್, ಸೆಫ್‌ಪೊಡಾಕ್ಸಿಮ್ + ಕ್ಲಾವುಲನೇಟ್, ಸೆಫುರಾಕ್ಸಿಮ್ + ಕ್ಲಾವುಲನೇಟ್, ಅದರ ಮೇಲೆ ಲ್ಯಾಕ್ಟೋಬ್ಯಾಸಿಲಸ್ ಬೇರೆ ತುರುಕಿರ್ತಾರೆ. ಸರ್ಕಾರ 2016, 2018, 2024ರಲ್ಲಿ ನೂರಾರು ಕಾಂಬಿನೇಷನ್ ನಿಷೇಧ ಮಾಡ್ತು, ಕೋರ್ಟು ಕಚೇರಿ ಆಯ್ತು, ಆದ್ರೂ ಹೊಸ ಹೊಸ ಸ್ಟ್ರಿಪ್ಪು ಬರ್ತಾನೇ ಇರತ್ತೆ. ಸೆಫಿಕ್ಸಿಮ್ ಶೆಡ್ಯೂಲ್ ಎಚ್1ರಲ್ಲಿದೆ, ಚೀಟಿ ಇಲ್ದೆ ಕೊಡಂಗಿಲ್ಲ, ರಿಜಿಸ್ಟರಲ್ಲಿ ಬರ್ದು 3 ವರ್ಷ ಇಡ್ಬೇಕು. ಎಷ್ಟು ಅಂಗಡಿಲಿ ಆ ರಿಜಿಸ್ಟರ್ ತೆರೀತಾರೆ ಅಂತ ಕೇಳ್ಬೇಡಿ. "ಶೀತ ಆಗಿದೆ, 625 ಒಂದು ನಾಲ್ಕು ಕೊಡಿ" ಅನ್ನೋರಿಗೆ ಇಲ್ಲ ಅಂದ್ರೆ ಪಕ್ಕದ ಅಂಗಡಿಗೆ ಹೋಗ್ತಾರೆ, ಶೀತ ವೈರಸ್ಸು, ಅದಕ್ಕೆ ಗೋಡೆನೇ ಇಲ್ಲ ಒಡೆಯೋಕೆ.

ಜವಾರಿ ಡಾಕ್ಟರ್
ಅಣ್ಣಾ ಬರೋಬ್ಬರಿ ಹೇಳಿದಿ. ಯಾವ ಔಷಧಿಗೆ ಯಾವ ಇನ್ಹಿಬಿಟರ್, ಎಷ್ಟು ಪ್ರಮಾಣ, ಎರಡೂ ಮೈಯಾಗ ಒಂದ ಹೊತ್ತು ಇರತಾವೋ ಇಲ್ಲೋ ಅಂತ ಟ್ರಯಲ್ ಮಾಡಿ ನೋಡಿರಬೇಕು. ಒಂದು ಬೇಗ ಖಾಲಿ ಆಗಿ ಇನ್ನೊಂದು ಉಳದ್ರ ಏನ್ ಉಪಯೋಗ? ಇನ್ನೊಂದು ಮಾತು, ಕ್ಲಾವುಲನೇಟ್ ಲಿವರಿಗೆ ಕಾಮಣಿ ತರಬಹುದು, ಅದೂ ವಯಸ್ಸಾದ ಗಂಡಸ್ರಿಗೆ ಹೆಚ್ಚು, ಮಾತ್ರೆ ನಿಲ್ಲಿಸಿ ಕೆಲವು ವಾರ ಆದ ಮ್ಯಾಲೂ ಕಣ್ಣು ಹಳದಿ ಆಗಿ ಬರತಾರ. ಬೇಕಾದಾಗ ತಗೋಬೇಕು, ಬ್ಯಾಡಾದಾಗ ಯಾಕ ಆ ತ್ರಾಸು?

ಹಾಸನದ ಗೋಡಾಕ್ಟ್ರು
ಒಂದು ಮಾತು ನಡುವೆ ತೂರಿಸ್ತೀನಿ, ವೆಟ್ ನಾನು. ಕೆಚ್ಚಲು ಬಾವಿಗೆ ಸೆಫ್ಟ್ರಿಯಾಕ್ಸೋನ್-ಟಾಜೋಬ್ಯಾಕ್ಟಮ್ ಇಂಜೆಕ್ಷನ್ ನಮ್ಮಲ್ಲೂ ಧಾರಾಳ. ಹಾಲು ಕಲ್ಚರಿಗೆ ಕಳ್ಸಿ ಅಂದ್ರೆ ರೈತ್ರು "ರಿಪೋರ್ಟ್ ಬರೋಷ್ಟ್ರಲ್ಲಿ ಕೆಚ್ಚಲೇ ಹೋಗಿರತ್ತೆ ಸಾರ್" ಅಂತಾರೆ, ಅವ್ರ ಮಾತಲ್ಲೂ ನ್ಯಾಯ ಇದೆ. ಇಂಜೆಕ್ಷನ್ ಕೊಟ್ಮೇಲೆ ಇಷ್ಟು ದಿನ ಹಾಲು ಡೇರಿಗೆ ಹಾಕ್ಬೇಡಿ ಅನ್ನೋದನ್ನ ಪಾಲಿಸೋದು ಇನ್ನೂ ಕಷ್ಟ. 2019ರಲ್ಲಿ ಕೋಳಿ ಮೇವಲ್ಲಿ ಕೊಲಿಸ್ಟಿನ್ ಅನ್ನೋ ಆ್ಯಂಟಿಬಯೋಟಿಕ್ ನಿಲ್ಸಿದ್ರಲ್ಲ, ಹಂಗೆ ಒಂದಿಷ್ಟು ಔಷಧಿನ ದನಗಳಿಂದ ದೂರ ಇಡೋ ಕಾಲ ಬರತ್ತೆ ಅನ್ಸತ್ತೆ.

ಬೆಂದಕಾಳೂರು ಐಟಿ
ಹೊಸ ಇನ್ಹಿಬಿಟರ್‌ಗಳ ಕಥೆ ಏನು? ಮೆರೋಪೆನೆಮ್ಮೂ ಕೆಲ್ಸ ಮಾಡದ ಬ್ಯಾಕ್ಟೀರಿಯಾ ಬಂದಿದೆ, ಅದೇ ಎನ್‌ಡಿಎಂ ಅನ್ನೋ ಎನ್‌ಝೈಮ್ ಇರೋದು, ಅಂತ ಓದಿದ್ದೆ.

ಪೆಟ್ರಿಡಿಶ್
ಇದು ಉದ್ದ ಆಗತ್ತೆ, ಚಹಾ ತಂದಿಟ್ಕೊಂಡು ಓದಿ.

ಬೀಟಾ-ಲ್ಯಾಕ್ಟಮೇಸ್‌ನ ಎ, ಬಿ, ಸಿ, ಡಿ ಅಂತ ನಾಲ್ಕು ವರ್ಗ ಮಾಡಿದ್ದಾರೆ. ಎ, ಸಿ, ಡಿ ಮೂರೂ ಕತ್ತರಿಸೋದು ಸೆರೀನ್ ಅನ್ನೋ ಅಮೈನೋ ಆಮ್ಲದಿಂದ. ಬಿ ವರ್ಗ ಮಾತ್ರ ಬೇರೆ, ಅದರ ಹೊಟ್ಟೇಲಿ ಸತು ಇದೆ, ಸತುವಿನ ಸಹಾಯದಿಂದ ನೀರಿನ ಕಣಾನೇ ಕತ್ತಿ ಮಾಡ್ಕೊಳ್ಳತ್ತೆ. ಕ್ಲಾವುಲನೇಟ್, ಟಾಜೋಬ್ಯಾಕ್ಟಮ್, ಅವಿಬ್ಯಾಕ್ಟಮ್ ಎಲ್ಲ ಸೆರೀನಿಗೆ ಗಂಟು ಬೀಳೋವು, ಸತು ಇರೋದಕ್ಕೆ ಇವು ಲೆಕ್ಕಕ್ಕೇ ಇಲ್ಲ. ಎನ್‌ಡಿಎಂ ಈ ಬಿ ವರ್ಗದ್ದು. 2008ರಲ್ಲಿ ಸ್ವೀಡನ್ನಿನ ಭಾರತ ಮೂಲದ ಪೇಶಂಟ್ ಒಬ್ರ ಮೂತ್ರದಲ್ಲಿ ಮೊದ್ಲು ಗುರುತಿಸಿದ್ದು, ಅವ್ರು ಅದಕ್ಕೆ ಮೊದ್ಲು ದೆಹಲಿಲಿ ಆಸ್ಪತ್ರೇಲಿದ್ರು. 2010ರಲ್ಲಿ ದೊಡ್ಡ ಪೇಪರ್ ಬಂದಾಗ ಸಂಸತ್ತಿಂದ ಟೀವಿವರೆಗೆ ಗದ್ದಲ ಆಯ್ತು, ಹೆಸರಿನ ಜಗಳದಲ್ಲಿ (ಎನ್‌ಡಿ ಅಂದ್ರೆ ನ್ಯೂ ಡೆಲ್ಲಿ) ಎನ್‌ಝೈಮಿನ ವಿಷ್ಯ ಹಿಂದಾಯ್ತು.

ಈಗ ಮುಖ್ಯ ವಿಷ್ಯ. ಅಮೆರಿಕದಲ್ಲಿ ಮೆರೋಪೆನೆಮ್ ಕೆಡಿಸ್ತಿದ್ದದ್ದು ಹೆಚ್ಚಾಗಿ ಕೆಪಿಸಿ ಅನ್ನೋ ಎ ವರ್ಗದ ಎನ್‌ಝೈಮು, 1996ರ ಉತ್ತರ ಕೆರೊಲಿನಾದ ಸ್ಯಾಂಪಲ್‌ನಲ್ಲಿ ಸಿಕ್ಕಿದ್ದು. ದುಡ್ಡಿರೋ ಮಾರುಕಟ್ಟೆ ಅಲ್ಲಿದೆ, ಹಂಗಾಗಿ ಹೊಸ ಔಷಧಿಗಳೂ ಅದನ್ನೇ ಗುರಿ ಇಟ್ಟು ಬಂದ್ವು. ಸೆಫ್ಟಾಜಿಡಿಮ್-ಅವಿಬ್ಯಾಕ್ಟಮ್ 2015, ಮೆರೋಪೆನೆಮ್-ವ್ಯಾಬೊರ್‌ಬ್ಯಾಕ್ಟಮ್ 2017, ಇಮಿಪೆನೆಮ್-ರೆಲೆಬ್ಯಾಕ್ಟಮ್ 2019. ನಮ್ಮ ದೇಶದಲ್ಲಿ ಕೆಪಿಸಿ ಅಪರೂಪ, ಇಲ್ಲಿ ರಾಜ್ಯಭಾರ ಮಾಡೋದು ಎನ್‌ಡಿಎಂ ಮತ್ತೆ ಡಿ ವರ್ಗದ ಓಎಕ್ಸ್‌ಎ-48 ತರದ್ದು, ಎಷ್ಟೋ ಸಲ ಒಂದೇ ಕ್ಲೆಬ್ಸಿಯೆಲ್ಲಾದಲ್ಲಿ ಎರಡೂ. ವ್ಯಾಬೊರ್‌ಬ್ಯಾಕ್ಟಮ್, ರೆಲೆಬ್ಯಾಕ್ಟಮ್ ಈ ಎರಡನ್ನೂ ಮುಟ್ಟಲ್ಲ. ಅವಿಬ್ಯಾಕ್ಟಮ್ ಓಎಕ್ಸ್‌ಎ-48 ಹಿಡಿಯತ್ತೆ, ಎನ್‌ಡಿಎಂ ಹಿಡಿಯಲ್ಲ. ಅಂದ್ರೆ ಅಲ್ಲಿ ಜೀವ ಉಳ್ಸೋ ವಯಲ್ ಇಲ್ಲಿ ಸಾವಿರಾರು ರೂಪಾಯಿ ಕೊಟ್ಟು ತಂದ್ರೂ ಎನ್‌ಝೈಮ್ ನೋಡ್ದೆ ಹಾಕಿದ್ರೆ ದುಡ್ಡು ಡ್ರಿಪ್ಪಲ್ಲಿ ಹೋಗತ್ತೆ. ಇದನ್ನ ಎಷ್ಟು ಸಲ ಹೇಳಿದ್ರೂ ಸಾಲಲ್ಲ: ಇನ್ಹಿಬಿಟರ್ ಹೊಸದಾ ಹಳೇದಾ ಅನ್ನೋದು ಆಮೇಲೆ, ನಿಮ್ಮ ಬ್ಯಾಕ್ಟೀರಿಯಾ ಹತ್ರ ಇರೋ ಎನ್‌ಝೈಮಿಗೆ ಅದು ಸರಿಹೋಗತ್ತಾ ಅನ್ನೋದು ಮೊದ್ಲು.

ಎನ್‌ಡಿಎಂಗೆ ಡಾಕ್ಟ್ರುಗಳು ಕಂಡ್ಕೊಂಡ ಉಪಾಯ ಚಂದ ಇದೆ. ಅಜ್ಟ್ರಿಯೋನಾಮ್ ಅನ್ನೋ ಹಳೇ ಔಷಧಿನ ಎನ್‌ಡಿಎಂ ಕತ್ತರಿಸಲಾರದು, ಆದ್ರೆ ಅದೇ ಬ್ಯಾಕ್ಟೀರಿಯಾದಲ್ಲಿರೋ ಇಎಸ್‌ಬಿಎಲ್ ಕತ್ತರಿಸತ್ತೆ. ಅವಿಬ್ಯಾಕ್ಟಮ್ ಆ ಇಎಸ್‌ಬಿಎಲ್ ನೋಡ್ಕೊಳ್ಳತ್ತೆ. ಸೋ ಸೆಫ್ಟಾಜಿಡಿಮ್-ಅವಿಬ್ಯಾಕ್ಟಮ್ ಒಂದು ಡ್ರಿಪ್, ಅಜ್ಟ್ರಿಯೋನಾಮ್ ಇನ್ನೊಂದು ಡ್ರಿಪ್, ಎರಡೂ ಒಟ್ಟಿಗೆ. ಲ್ಯಾಬಲ್ಲಿ ನಾವು ಎರಡೂ ಬಿಲ್ಲೆನ ಬ್ಯಾಕ್ಟೀರಿಯಾ ಬೆಳೆಸೋ ಒಂದೇ ಟ್ಯೂಬಿನ ಸಾರಲ್ಲಿ ಮುಳುಗ್ಸಿ, ಮಾರನೇ ದಿನ ಸಾರು ತಿಳಿಯಾಗಿದ್ಯಾ ಕದಡಿದ್ಯಾ ಅಂತ ನೋಡಿ ಹೇಳ್ತೀವಿ. ಈಗ ಅಜ್ಟ್ರಿಯೋನಾಮ್-ಅವಿಬ್ಯಾಕ್ಟಮ್ ಒಂದೇ ಶೀಶೆಲಿ ಬಂದಿದೆ, ಯುರೋಪಲ್ಲಿ 2024, ಅಮೆರಿಕದಲ್ಲಿ 2025.

ಅದಕ್ಕೂ ನಮ್ಮ ಇ. ಕೋಲಿ ಅಡ್ಡಗಾಲು ಹಾಕಿದೆ. ಅಜ್ಟ್ರಿಯೋನಾಮ್ ಹೋಗಿ ಅಂಟ್ಬೇಕಾದ ಪಿಬಿಪಿ-3 ಅನ್ನೋ ಗೋಡೆ ಕಟ್ಟೋ ಪ್ರೋಟೀನಲ್ಲಿ ನಾಲ್ಕು ಅಮೈನೋ ಆಮ್ಲ ಜಾಸ್ತಿ ಸೇರ್ಸ್ಕೊಂಡಿರೋ ತಳಿಗಳು ಭಾರತದಲ್ಲಿ ಚೆನ್ನಾಗೇ ಸಿಗ್ತಿವೆ. ಕಾವಲುಗಾರ ಸರಿಯಾಗಿದ್ರೂ ಔಷಧಿ ಗುರಿಗೆ ಹತ್ತಲ್ಲ.

ಹಳೇ ಕೆಮಿಸ್ಟ್
ಅದಕ್ಕೇ ಜಿಡೆಬ್ಯಾಕ್ಟಮ್ ಮೇಲೆ ನಂಗೆ ಆಸೆ. ವಾಕ್‌ಹಾರ್ಟ್ ಕಂಪನಿಯವ್ರದ್ದು, ಸೆಫೆಪಿಮ್ ಅನ್ನೋ ಆ್ಯಂಟಿಬಯೋಟಿಕ್ ಜೊತೆ. ಇದು ಎನ್‌ಝೈಮ್ ತಡೆಯೋದ್ರ ಜೊತೆ ತಾನೇ ಪಿಬಿಪಿ-2ಕ್ಕೆ ಅಂಟ್ಕೊಳ್ಳತ್ತೆ, ಸೆಫೆಪಿಮ್ ಪಿಬಿಪಿ-3 ಹಿಡಿಯತ್ತೆ, ಎರಡು ಕಡೆಯಿಂದ ಏಟು. ಚೆನ್ನೈನ ಆರ್ಕಿಡ್ ಕಂಡುಹಿಡಿದ ಎನ್‌ಮೆಟಾಜೋಬ್ಯಾಕ್ಟಮ್ (ಇದೂ ಸೆಫೆಪಿಮ್ ಜೊತೆನೇ) 2024ರ ಫೆಬ್ರವರಿಲಿ ಅಮೆರಿಕದ ಎಫ್‌ಡಿಎ ಒಪ್ಪಿಗೆ ಪಡೀತು. ಆದ್ರೆ ಅದು ಇಎಸ್‌ಬಿಎಲ್‌ಗೆ ಮಾತ್ರ, ಎನ್‌ಡಿಎಂಗಲ್ಲ, ಪತ್ರಿಕೆಗಳಲ್ಲಿ "ಸೂಪರ್‌ಬಗ್‌ಗೆ ಭಾರತದ ಉತ್ತರ" ಅಂತೆಲ್ಲ ಬಂದಿದ್ದು ಸ್ವಲ್ಪ ಅತಿ ಆಯ್ತು. ಮೆರೋಪೆನೆಮ್ ಬಳಕೆ ತಗ್ಗಿಸೋಕೆ ಬಂದ್ರೂ ಅದು ಸಣ್ಣ ವಿಷ್ಯ ಅಲ್ಲ.

ಲೀಡ್ಸ್ ಕನ್ನಡತಿ
ಯುಕೆಲಿ ನರ್ಸ್ ನಾನು. ಇಲ್ಲಿ 625ನ ಕೋ-ಅಮೋಕ್ಸಿಕ್ಲಾವ್ ಅಂತೀವಿ. ಬೆಲೆ ವಿಷ್ಯ ಬಂತಲ್ಲ ಅದಕ್ಕೆ ಬರ್ದೆ. ಇಂಥ ಔಷಧಿ ಕಮ್ಮಿ ಬಳಸ್ಬೇಕು, ಕಮ್ಮಿ ಬಳಸಿದ್ರೆ ಕಂಪನಿಗೆ ಲಾಸು, ಕೊನೆಗೆ ಯಾರೂ ಹೊಸದು ಕಂಡುಹಿಡಿಯಲ್ಲ. ಇಂಗ್ಲೆಂಡಲ್ಲಿ 2022ರಿಂದ ಸೆಫ್ಟಾಜಿಡಿಮ್-ಅವಿಬ್ಯಾಕ್ಟಮ್ಮಿಗೆ ಚಂದಾ ತರ ಮಾಡಿದ್ದಾರೆ, ಎಷ್ಟು ವಯಲ್ ಬಳಸಿದ್ರೂ ಬಳಸದಿದ್ರೂ ವರ್ಷಕ್ಕೆ 1 ಕೋಟಿ ಪೌಂಡ್‌ವರೆಗೆ ಕಂಪನಿಗೆ ಹೋಗತ್ತೆ. ವಾರ್ಡಲ್ಲಿ ಅದು ಬೇಕಂದ್ರೆ ಮೈಕ್ರೋಬಯಾಲಜಿಯವ್ರಿಗೆ ಫೋನ್ ಮಾಡಿ ಒಪ್ಪಿಗೆ ತಗೋಬೇಕು, ನಡುರಾತ್ರಿ ಆದ್ರೂ.

ಜವಾರಿ ಡಾಕ್ಟರ್
ನಮ್ಮ ಕಡೆ ಸಣ್ಣ ಆಸ್ಪತ್ರ್ಯಾಗ ಫೋನ್ ಮಾಡಾಕ ಮೈಕ್ರೋಬಯಾಲಜಿಸ್ಟ್ ಎಲ್ಲಿ ಅದಾರ ತಂಗಿ. ಸ್ಯಾಂಪಲ್ ಪ್ಯಾಟಿಗೆ ಕಳಿಸಿ ಎರಡು ಮೂರು ದಿನ ಕಾಯಬೇಕು, ಅಲ್ಲಿ ಮಟ ಪೇಶಂಟ್ ಕಾಯೂದಿಲ್ಲ, ಅದಕ್ಕ ಮೊದಲ ದಿನಾನ ಮೆರೋಪೆನೆಮ್ ಸುರೀತಾರ. ಬೈಯೂದು ಸರಳ, ಅಲ್ಲಿ ನಿಂತವ್ರಿಗೆ ಗೊತ್ತು. ಕಲ್ಚರಿಗೆ ರಕ್ತ ತಗದ ಮ್ಯಾಲ ಔಷಧಿ ಶುರು ಮಾಡ್ರಿ, ರಿಪೋರ್ಟ್ ಬಂದ್ಮ್ಯಾಲ ಸಣ್ಣದಕ್ಕ ಇಳಿಸ್ರಿ, ಇಷ್ಟಾದ್ರೂ ಮಾಡಬಹುದು.

ತುಂಗಾತೀರ
ನಾನು ಕೇಳಿದ್ದು ಒಂದು ಮಾತ್ರೆ ಬಗ್ಗೆ, ಎಲ್ಲಿಂದ ಎಲ್ಲಿಗೋ ಹೋಯ್ತು, ಆದ್ರೆ ಪೂರ್ತಿ ಓದ್ದೆ. ಅಮ್ಮಂಗೆ ಉರಿ ಹೋಗಿದೆ, ಕೋರ್ಸ್ ಮುಗಿಸ್ತಿದ್ದಾರೆ. ಕೊನೇ ಪ್ರಶ್ನೆ, ಹಳೇ 625 ಸ್ಟ್ರಿಪ್ಪಲ್ಲಿ ಮೂರು ಮಾತ್ರೆ ಉಳಿದಿದೆ, ಫ್ರಿಜ್ ಮೇಲಿನ ಡಬ್ಬಿಲಿತ್ತು, ಇಟ್ಕೊಳ್ಳಲಾ?

ಮೆಡಿಕಲ್‌ಶಾಪ್ ಅಣ್ಣ
ಬೇಡ. ಕ್ಲಾವುಲನೇಟ್‌ಗೆ ತೇವ ಅಂದ್ರೆ ಆಗಲ್ಲ, ಅದಕ್ಕೇ ಎರಡೂ ಕಡೆ ಅಲ್ಯುಮಿನಿಯಂ ಹಾಕಿ ಪ್ಯಾಕ್ ಮಾಡಿರ್ತಾರೆ. ಫಾಯಿಲ್ ಸ್ವಲ್ಪ ಹರಿದಿದ್ರೂ ಮಾತ್ರೆ ಉಬ್ಬಿ ಕಂದು ಚುಕ್ಕೆ ಬಂದಿರತ್ತೆ ನೋಡಿ, ಆಗ ಉಳಿದಿರೋದು ಬರೀ ಅಮೋಕ್ಸಿಸಿಲಿನ್ ಅಂದ್ಕೊಳ್ಳಿ. ಮಕ್ಕಳ ಸಿರಪ್ಪೂ ಅಷ್ಟೇ, ಪುಡಿಗೆ ನೀರು ಬೆರೆಸಿದ್ಮೇಲೆ ಫ್ರಿಜ್ಜಲ್ಲಿಟ್ಟು 7 ದಿನ, ಆಮೇಲೆ ಎಸೀರಿ. ಚೆನ್ನಾಗಿ ಕಂಡ್ರೂ ಆ ಮೂರು ಮಾತ್ರೆ ಯಾವ ಕಾಯಿಲೆಗೂ ಪೂರ್ತಿ ಕೋರ್ಸ್ ಆಗಲ್ಲ.